ಸೇತುವೆಗೆ ಹೆಸರು ಬಂತು, ಉಯಿಲು ಉಳಿಯಿತು

ಹೊಳೆಗೊಂದು ಹೊಸ ಸೇತುವೆಯಾದಾಗ ಅದಕ್ಕೆ ಯಾರ ಹೆಸರಿಡಬೇಕೆಂಬ ಮಾತು ಏಳುವುದು ಸಹಜ. ನಾಡಿಗಾಗಿ ಹೋರಾಡಿದ ಯೋಧರ ಹೆಸರನ್ನೋ, ಊರಿಗಾಗಿ ಏನನ್ನಾದರೂ ಕಟ್ಟಿಕೊಟ್ಟ ಹಿರಿಯರ ಹೆಸರನ್ನೋ ಜನರು ಸೂಚಿಸುತ್ತಾರೆ. ಅರ್ಜಿಗಳು ಹೋಗುತ್ತವೆ, ಸಭೆಗಳು ಸೇರುತ್ತವೆ, ಕೊನೆಗೊಂದು ದಿನ ಫಲಕದ ಮೇಲಿನ ಪರದೆ ಸರಿಯುತ್ತದೆ. ಅಲ್ಲಿಗೆ ಋಣ ತೀರಿತೆಂದು ಎಲ್ಲರೂ ಮನೆಗೆ ಮರಳುತ್ತಾರೆ. ಆ ಹೆಸರಿನ ವ್ಯಕ್ತಿ ಬದುಕಿದ್ದಾಗ ನಮ್ಮಿಂದ ಏನನ್ನು ಕೇಳಿದ್ದರು, ಅದನ್ನು ನಾವು ಕೊಟ್ಟೆವೇ ಎಂದು ವಿಚಾರಿಸುವವರು ವಿರಳ. ಈ ವಾರ ಅಂಥ ಒಬ್ಬ ಮಹನೀಯರ ಜೀವನವನ್ನು ಓದುಗರ ಮುಂದಿಡಬಯಸುತ್ತೇನೆ. ಅವರು ಯೋಧರೂ ಹೌದು, ನಿರ್ಮಾಪಕರೂ ಹೌದು. ಅವರ ಹೆಸರನ್ನು ಹೊತ್ತ ಎರಡು ದೊಡ್ಡ ಸೇತುವೆಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯವೊಂದರಲ್ಲಿಯೇ ಇವೆ.

ಅವರ ಹೆಸರು ತದೇವುಷ್ ಕೊಶ್ಚುಷ್ಕೊ. ಪೋಲೆಂಡಿನ ಕಥೋಲಿಕರಿಗೆ ಈ ಹೆಸರು ಮನೆಮಾತು. ಅಮೆರಿಕದವರ ನಾಲಿಗೆಗೆ ಮಾತ್ರ ಅದು ಸುಲಭವಾಗಿ ಒಗ್ಗಲಿಲ್ಲ. ಎರಡು ಸೇತುವೆಗಳಲ್ಲಿ ಒಂದರ ಅಧಿಕೃತ ಹೆಸರಿನಲ್ಲಿ ಒಂದು ಅಕ್ಷರವೇ ಬಿಟ್ಟುಹೋಗಿದೆ. ಆದರೆ ಅಕ್ಷರ ಬಿಟ್ಟುಹೋದದ್ದು ಸಣ್ಣ ಸಂಗತಿ. ಬಿಟ್ಟುಹೋದ ದೊಡ್ಡ ಸಂಗತಿ ಬೇರೆಯೇ ಇದೆ.

ಕೊಶ್ಚುಷ್ಕೊ ಅವರು ಜನಿಸಿದ್ದು 1746ರ ಫೆಬ್ರವರಿ 4ರಂದು. ಅವರ ಹುಟ್ಟೂರು ಅಂದು ಪೋಲೆಂಡ್–ಲಿಥುವೇನಿಯ ಒಕ್ಕೂಟಕ್ಕೆ ಸೇರಿತ್ತು; ಇಂದು ಬೆಲರೂಸ್ ದೇಶದಲ್ಲಿದೆ. ನಾಲ್ವರು ಮಕ್ಕಳಲ್ಲಿ ಅವರೇ ಕಿರಿಯರು. ಕುಲೀನ ಮನೆತನವಾದರೂ ಸಂಪತ್ತು ಅಷ್ಟಕ್ಕಷ್ಟೇ. ಬಡ ಮಕ್ಕಳ ಶಿಕ್ಷಣಕ್ಕಾಗಿ ಹುಟ್ಟಿಕೊಂಡ ಪಿಯಾರಿಸ್ಟ್ ಗುರುಗಳ ಶಾಲೆಯಲ್ಲಿ ಅವರ ವಿದ್ಯಾಭ್ಯಾಸ ಆರಂಭವಾಯಿತು. ಹನ್ನೆರಡರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. 1765ರಲ್ಲಿ ವಾರ್ಸಾದ ಸೈನಿಕ ಶಾಲೆಗೆ ಸೇರಿದರು. ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ 1769ರಲ್ಲಿ ಪ್ಯಾರಿಸ್ಸಿಗೆ ತೆರಳಿದರು. ವಿದೇಶಿಯರೆಂಬ ಕಾರಣಕ್ಕೆ ಫ್ರಾನ್ಸಿನ ಸೈನಿಕ ವಿದ್ಯಾಲಯಗಳ ಬಾಗಿಲು ಅವರಿಗೆ ತೆರೆಯಲಿಲ್ಲ. ಚಿತ್ರಕಲೆಯ ರಾಜ ಅಕಾಡೆಮಿಯಲ್ಲಿ ಕಲಿಯುತ್ತಲೇ ಕೋಟೆ ಕಟ್ಟುವ ಶಾಸ್ತ್ರವನ್ನು ಖಾಸಗಿಯಾಗಿ ಅಭ್ಯಾಸ ಮಾಡಿದರು. ಚಿತ್ರಕಾರನ ಕಣ್ಣು, ಎಂಜಿನಿಯರನ ಲೆಕ್ಕ ಎರಡೂ ಹೀಗೆ ಅವರಲ್ಲಿ ಕೂಡಿಬಂದವು. ಬೆಟ್ಟದ ಇಳಿಜಾರನ್ನೂ ಹೊಳೆಯ ತಿರುವನ್ನೂ ನೋಡಿದ ಮಾತ್ರಕ್ಕೆ ಅಳೆಯಬಲ್ಲ ಶಕ್ತಿ ಮುಂದೆ ಒಂದು ದೇಶದ ಭವಿಷ್ಯವನ್ನೇ ಬದಲಿಸಲಿತ್ತು.

1772ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ ಪೋಲೆಂಡಿನ ದೊಡ್ಡ ಭಾಗವನ್ನು ಹಂಚಿಕೊಂಡವು. ಎರಡು ವರ್ಷಗಳ ಬಳಿಕ ತಾಯ್ನಾಡಿಗೆ ಮರಳಿದ ಕೊಶ್ಚುಷ್ಕೊ ಅವರಿಗೆ ಕುಗ್ಗಿದ ಸೈನ್ಯದಲ್ಲಿ ಕೆಲಸವಿರಲಿಲ್ಲ. ಅಣ್ಣನ ಕೈಯಲ್ಲಿ ಆಸ್ತಿ ಸಾಲಕ್ಕೆ ಬಿದ್ದಿತ್ತು. ಪ್ರಭಾವಶಾಲಿ ಜಮೀನ್ದಾರರೊಬ್ಬರ ಮನೆಯಲ್ಲಿ ಪಾಠ ಹೇಳುತ್ತಿದ್ದಾಗ ಆ ಮನೆಯ ಮಗಳ ಮೇಲೆ ಪ್ರೀತಿ ಮೂಡಿತು. ಅಂತಸ್ತು ಸಾಲದೆಂದು ತಂದೆ ಒಪ್ಪಲಿಲ್ಲ. ಇಬ್ಬರೂ ಓಡಿಹೋಗಲು ಯತ್ನಿಸಿದಾಗ ಆಳುಗಳು ಹಿಡಿದು ಥಳಿಸಿದರು. ಅವರು ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು. ಹುಟ್ಟಿನ ಅಂತಸ್ತು ಮನುಷ್ಯನ ಬೆಲೆಯನ್ನು ಹೇಗೆ ನಿರ್ಧರಿಸುತ್ತದೆ ಎಂಬ ಅನುಭವ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

1776ರಲ್ಲಿ ಅವರು ಅಟ್ಲಾಂಟಿಕ್ ಸಾಗರವನ್ನು ದಾಟಿ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಅಮೆರಿಕನ್ನರ ಸೈನ್ಯದಲ್ಲಿ ಸೇವೆ ಸಲ್ಲಿಸಲು ಮುಂದಾದರು. ಆ ವರ್ಷದ ಅಕ್ಟೋಬರ್ 18ರಂದು ಅವರಿಗೆ ಎಂಜಿನಿಯರ್ ವಿಭಾಗದ ಕರ್ನಲ್ ಪದವಿ ದೊರೆಯಿತು. ಮರುವರ್ಷ ಟೈಕಾಂಡರೋಗ ಎಂಬ ಕೋಟೆಗೆ ಅವರನ್ನು ಕಳುಹಿಸಲಾಯಿತು. ಕೋಟೆಯ ಎದುರಿಗಿದ್ದ ಗುಡ್ಡವನ್ನು ಕಂಡೊಡನೆ, ಅದರ ಮೇಲೆ ಫಿರಂಗಿಗಳನ್ನು ಏರಿಸಬೇಕು, ಇಲ್ಲವಾದರೆ ಶತ್ರುಗಳು ಏರಿಸುವರು ಎಂದು ಅವರು ಸೂಚಿಸಿದರು. ಅಷ್ಟು ಕಡಿದಾದ ಗುಡ್ಡಕ್ಕೆ ಫಿರಂಗಿ ಏರಲಾರದೆಂದು ಮೇಲಧಿಕಾರಿಗಳು ಆ ಸಲಹೆಯನ್ನು ಬದಿಗಿಟ್ಟರು. 1777ರ ಜುಲೈ ಮೊದಲ ವಾರದಲ್ಲಿ ಬ್ರಿಟಿಷರು ಅದೇ ಗುಡ್ಡಕ್ಕೆ ಫಿರಂಗಿ ಏರಿಸಿದರು. ಅಮೆರಿಕನ್ನರು ರಾತ್ರೋರಾತ್ರಿ ಕೋಟೆಯನ್ನು ಬಿಟ್ಟು ಹೊರಡಬೇಕಾಯಿತು.

ಹಿಮ್ಮೆಟ್ಟುತ್ತಿದ್ದ ಸೈನ್ಯವನ್ನು ಉಳಿಸುವ ಹೊಣೆ ಆಗ ಅವರ ಮೇಲೆ ಬಿದ್ದಿತು. ದಾರಿಗಡ್ಡವಾಗಿ ಮರಗಳನ್ನು ಉರುಳಿಸಿದರು, ತೊರೆಗಳಿಗೆ ಒಡ್ಡು ಹಾಕಿ ರಸ್ತೆಗಳನ್ನು ಕೆಸರಾಗಿಸಿದರು, ಸೇತುವೆಗಳನ್ನು ಒಂದೊಂದಾಗಿ ಮುರಿಸಿದರು. ಬ್ರಿಟಿಷ್ ದಂಡನಾಯಕ ಬರ್ಗೊಯ್ನ್‌ನ ಸೈನ್ಯಕ್ಕೆ ಕೆಲವೇ ಮೈಲಿಗಳ ದಾರಿಗೆ ವಾರಗಳು ಹಿಡಿದವು. ಮುಂದೊಂದು ದಿನ ಯಾರ ಹೆಸರನ್ನು ಸೇತುವೆಗಳಿಗೆ ಇಡಲಾಯಿತೋ ಅವರು ಆ ನಾಡಿನಲ್ಲಿ ಮೊದಲು ಕೀರ್ತಿ ಪಡೆದದ್ದು ಸೇತುವೆಗಳನ್ನು ಕೆಡವಿ ಎಂಬುದು ಇತಿಹಾಸದ ಒಂದು ವಿನೋದ.

ಹಿಮ್ಮೆಟ್ಟಿದ ಸೈನ್ಯ ಮೊಹಾಕ್ ನದಿ ಹಡ್ಸನ್ ನದಿಯನ್ನು ಕೂಡುವ ಸ್ಥಳದ ದ್ವೀಪಗಳಲ್ಲಿ ಬಂದು ನಿಂತಿತು. ಅಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಮಣ್ಣಿನ ರಕ್ಷಣಾ ದಿಬ್ಬಗಳು ಎದ್ದವು. ಬಳಿಕ ಹಡ್ಸನ್ ದಂಡೆಯ ಬೀಮಿಸ್ ಎತ್ತರದಲ್ಲಿ, ಗುಡ್ಡಕ್ಕೂ ನದಿಗೂ ನಡುವೆ ಶತ್ರುಗಳಿಗೆ ಇಕ್ಕಟ್ಟಾದ ದಾರಿಯೊಂದೇ ಉಳಿಯುವಂತೆ ಅವರು ನೆಲೆಯನ್ನು ರೂಪಿಸಿದರು. ಸಾರಟೋಗ ಎಂದು ಪ್ರಸಿದ್ಧವಾದ ಆ ಕದನದ ಕೊನೆಯಲ್ಲಿ, 1777ರ ಅಕ್ಟೋಬರ್ 17ರಂದು ಬರ್ಗೊಯ್ನ್ ತನ್ನ ಇಡೀ ಸೈನ್ಯದೊಡನೆ ಶರಣಾದನು. ಈ ವಿಜಯವನ್ನು ಕಂಡೇ ಫ್ರಾನ್ಸ್ ಮರುವರ್ಷ ಬಹಿರಂಗವಾಗಿ ಅಮೆರಿಕದ ಪಕ್ಷ ವಹಿಸಿತು. ಇಂದು ಆಲ್ಬನಿ ಮತ್ತು ಸಾರಟೋಗ ಜಿಲ್ಲೆಗಳ ನಡುವೆ ಮೊಹಾಕ್ ನದಿಯ ಮೇಲೆ ನಿಂತಿರುವ ಜೋಡಿ ಕಮಾನಿನ ಸೇತುವೆಗೆ ಕೊಶ್ಚುಷ್ಕೊ ಅವರ ಹೆಸರಿದೆ. ಆ ನದಿಯ ದಂಡೆಗೆ ಅವರು ಪರದೇಶಿಯಲ್ಲ. ಅಲ್ಲಿ ಹೋರಾಡಿದವರು, ಅಲ್ಲಿ ಕಟ್ಟಿದವರು.

1778ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಹಡ್ಸನ್ ನದಿಯ ತಿರುವಿನಲ್ಲಿರುವ ವೆಸ್ಟ್ ಪಾಯಿಂಟ್ ಎಂಬಲ್ಲಿ ಕೋಟೆಗಳ ಸಾಲನ್ನೇ ಅವರು ಕಟ್ಟಿಸಿದರು. ಅಮೆರಿಕದ ಸೈನಿಕ ವಿದ್ಯಾಲಯ 1802ರಲ್ಲಿ ಸ್ಥಾಪನೆಯಾದದ್ದು ಅಲ್ಲಿಯೇ. ಬಿಡುವಿನ ವೇಳೆಯಲ್ಲಿ ಬಂಡೆಗಳ ನಡುವೆ ಅವರು ಬೆಳೆಸಿದ ಪುಟ್ಟ ತೋಟ ಇಂದಿಗೂ ಅವರ ಹೆಸರಿನಲ್ಲಿದೆ. ಆದರೆ ವೆಸ್ಟ್ ಪಾಯಿಂಟಿನಲ್ಲಿ ಅವರ ಬದುಕಿಗೆ ದೊರೆತ ಮುಖ್ಯ ವಸ್ತು ಒಂದು ಸ್ನೇಹ. ಅಗ್ರಿಪಾ ಹಲ್ ಎಂಬ ಸ್ವತಂತ್ರ ಕರಿಯ ಯುವಕನೊಬ್ಬ ಅವರ ಸಹಾಯಕನಾಗಿ ಬಂದು ಯುದ್ಧದ ಕೊನೆಯವರೆಗೂ ಜೊತೆಗಿದ್ದನು. ಬಳಿಕ ದಕ್ಷಿಣದ ಸೈನ್ಯದೊಂದಿಗೆ ಕೆರೊಲಿನ ಪ್ರಾಂತಗಳಲ್ಲಿ ಸಂಚರಿಸಿ, ನದಿ ದಾಟಲು ಚಪ್ಪಟೆ ತಳದ ದೋಣಿಗಳನ್ನು ಕಟ್ಟಿಸುತ್ತಿದ್ದಾಗ, ಗುಲಾಮಗಿರಿಯನ್ನು ಕೊಶ್ಚುಷ್ಕೊ ಅವರು ಕಣ್ಣಾರೆ ಕಂಡರು. ಸ್ವಾತಂತ್ರ್ಯಕ್ಕಾಗಿ ಯುದ್ಧ ಹೂಡಿದ ನಾಡಿನ ಹೊಲಗಳಲ್ಲಿ ಮನುಷ್ಯರು ಮನುಷ್ಯರ ಸ್ವತ್ತಾಗಿದ್ದರು.

ಯುದ್ಧ ಮುಗಿದು, 1783ರಲ್ಲಿ ಬ್ರಿಗೇಡಿಯರ್ ಜನರಲ್ ಪದವಿ ಪಡೆದು, ಮರುವರ್ಷ ಅವರು ಪೋಲೆಂಡಿಗೆ ಹಿಂತಿರುಗಿದರು. ಅಲ್ಲಿಯೂ ಅವರು ಕಂಡದ್ದು ಇನ್ನೊಂದು ಬಗೆಯ ದಾಸ್ಯ. ಕುಲೀನರ ಜಮೀನಿನಲ್ಲಿ ರೈತರು ವಾರಕ್ಕೆ ಇಷ್ಟು ದಿನವೆಂದು ಬಿಟ್ಟಿ ದುಡಿಯಬೇಕಾಗಿತ್ತು. ಕೊಶ್ಚುಷ್ಕೊ ಅವರು ತಮ್ಮ ಹಳ್ಳಿಯಲ್ಲಿ ಗಂಡಸರ ಬಿಟ್ಟಿ ದುಡಿಮೆಯನ್ನು ವಾರಕ್ಕೆ ಎರಡು ದಿನಗಳಿಗೆ ಇಳಿಸಿದರು; ಹೆಂಗಸರಿಗೆ ಪೂರ್ತಿ ಬಿಟ್ಟುಕೊಟ್ಟರು. ಇದರಿಂದ ಅವರ ಆದಾಯ ಕುಸಿಯಿತು, ಸಾಲ ಬೆಳೆಯಿತು. ತತ್ತ್ವವನ್ನು ತನ್ನ ಜೇಬಿನಿಂದಲೇ ಆರಂಭಿಸುವವರು ಯಾವ ಕಾಲದಲ್ಲಿಯೂ ಹೆಚ್ಚು ಮಂದಿ ಇರುವುದಿಲ್ಲ.

1791ರ ಮೇ 3ರಂದು ಪೋಲೆಂಡ್ ಒಂದು ಪ್ರಗತಿಪರ ಸಂವಿಧಾನವನ್ನು ಅಂಗೀಕರಿಸಿತು. ಅದನ್ನು ಸಹಿಸದ ರಷ್ಯಾ ಮರುವರ್ಷವೇ ದಂಡೆತ್ತಿ ಬಂತು. ದುಬಿಯೆಂಕ ಎಂಬಲ್ಲಿ ಕೊಶ್ಚುಷ್ಕೊ ಅವರು ದೊಡ್ಡ ಸೈನ್ಯವನ್ನು ತಡೆದು ನಿಲ್ಲಿಸಿದರಾದರೂ ದೊರೆಯೇ ಶರಣಾದನು. 1793ರಲ್ಲಿ ದೇಶ ಎರಡನೆಯ ಸಲ ಹಂಚಿಹೋಯಿತು. 1794ರ ಮಾರ್ಚ್ 24ರಂದು ಕ್ರಾಕೋವ್ ನಗರದ ಕಪುಚಿನ್ ದೇವಾಲಯದಲ್ಲಿ ತಮ್ಮ ಖಡ್ಗವನ್ನು ಆಶೀರ್ವದಿಸಿಕೊಂಡು, ಮಾರುಕಟ್ಟೆ ಚೌಕದಲ್ಲಿ ಜನರ ಮುಂದೆ ಅವರು ಪ್ರಮಾಣ ಮಾಡಿದರು. ತಮಗೆ ಕೊಟ್ಟ ಅಧಿಕಾರವನ್ನು ಯಾರನ್ನೂ ತುಳಿಯಲು ಬಳಸದೆ, ದೇಶದ ಗಡಿ ಮತ್ತು ಎಲ್ಲರ ಸ್ವಾತಂತ್ರ್ಯವನ್ನು ಕಾಯಲು ಮಾತ್ರ ಬಳಸುವುದಾಗಿ ಅವರು ಮಾತು ಕೊಟ್ಟರು.

ಹನ್ನೊಂದು ದಿನಗಳಲ್ಲಿ, ಏಪ್ರಿಲ್ 4ರಂದು ರಾತ್ಸ್‌ವಾವಿತ್ಸೆ ಎಂಬಲ್ಲಿ ಕದನ ನಡೆಯಿತು. ಬಂದೂಕಿಲ್ಲದ ರೈತರು ಹುಲ್ಲು ಕೊಯ್ಯುವ ಉದ್ದ ಕುಡುಗೋಲುಗಳ ಅಲಗನ್ನು ನೆಟ್ಟಗೆ ಕಟ್ಟಿಕೊಂಡು ರಷ್ಯನ್ನರ ಫಿರಂಗಿಗಳ ಮೇಲೆ ನುಗ್ಗಿದರು. ಬಾರ್ತೋಷ್ ಗ್ವೊವಾತ್ಸ್ಕಿ ಎಂಬ ರೈತ ಹೊತ್ತಿಕೊಂಡಿದ್ದ ಫಿರಂಗಿಯ ಬತ್ತಿಯನ್ನು ತನ್ನ ಟೊಪ್ಪಿಗೆಯಿಂದ ಮುಚ್ಚಿ ಆರಿಸಿದನೆಂದು ಪ್ರಸಿದ್ಧಿ. ಗೆಲುವಿನ ಬಳಿಕ ಕೊಶ್ಚುಷ್ಕೊ ಅವರು ದಂಡನಾಯಕನ ಉಡುಪನ್ನು ಬಿಟ್ಟು ಆ ರೈತರ ನಿಲುವಂಗಿಯನ್ನೇ ತೊಟ್ಟರು. ಮೇ 7ರಂದು ಪೊವಾನ್ಯೆತ್ಸ್ ಎಂಬಲ್ಲಿ ಹೊರಡಿಸಿದ ಘೋಷಣೆಯಲ್ಲಿ ರೈತರಿಗೆ ವೈಯಕ್ತಿಕ ಸ್ವಾತಂತ್ರ್ಯವನ್ನು ಕೊಟ್ಟು ಬಿಟ್ಟಿ ದುಡಿಮೆಯನ್ನು ಕಡಿಮೆ ಮಾಡಿದರು. ಹಲವು ಜಮೀನ್ದಾರರು ಅದನ್ನು ಕಾಗದದ ಮೇಲೆಯೇ ಉಳಿಸಿದರು. ಅವರ ಒಂದು ಇಚ್ಛೆ ಕಾಗದದಲ್ಲಿಯೇ ಉಳಿದದ್ದು ಅದೇ ಕೊನೆಯ ಸಲವಾಗಿರಲಿಲ್ಲ.

ಅಕ್ಟೋಬರ್ 10ರಂದು ಮಾಚಿಯೆಯೊವಿತ್ಸೆ ಕದನದಲ್ಲಿ ತೀವ್ರವಾಗಿ ಗಾಯಗೊಂಡು ಅವರು ಸೆರೆಯಾದರು. 1795ರಲ್ಲಿ ಮೂರನೆಯ ಹಂಚಿಕೆ ನಡೆದು ಪೋಲೆಂಡ್ ಭೂಪಟದಿಂದಲೇ ಅಳಿಸಿಹೋಯಿತು. ರಷ್ಯಾದ ಸೆರೆಯಿಂದ ಅವರಿಗೆ ಬಿಡುಗಡೆಯಾದದ್ದು 1796ರಲ್ಲಿ, ರಾಣಿ ಕ್ಯಾಥರೀನಳು ತೀರಿಕೊಂಡ ಮೇಲೆ. ಹೊಸ ದೊರೆ ಪೌಲ್ ತನಗೆ ನಿಷ್ಠೆಯ ಪ್ರಮಾಣವನ್ನು ಬಯಸಿದನು. ಸೆರೆಯಲ್ಲಿದ್ದ ಸಾವಿರಾರು ಪೋಲಿಷ್ ಸಂಗಾತಿಗಳ ಬಿಡುಗಡೆಗಾಗಿ ಅವರು ಆ ಕಹಿಯನ್ನೂ ನುಂಗಿದರು.

1797ರ ಆಗಸ್ಟಿನಲ್ಲಿ ಅವರು ಮತ್ತೆ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಬಂದಿಳಿದಾಗ, ಜನರು ಅವರ ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದರು. ಅವರು ತಂಗಿದ್ದ ಬಾಡಿಗೆ ಮನೆ ಇಂದು ಆ ದೇಶದ ರಾಷ್ಟ್ರೀಯ ಸ್ಮಾರಕಗಳಲ್ಲಿ ಅತ್ಯಂತ ಚಿಕ್ಕದು. ಆಗ ಉಪರಾಷ್ಟ್ರಪತಿಯಾಗಿದ್ದ ಥಾಮಸ್ ಜೆಫರ್ಸನ್ ಅಲ್ಲಿಗೆ ಬಂದು ಅವರೊಂದಿಗೆ ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ಸ್ವಾತಂತ್ರ್ಯ ಘೋಷಣೆಯನ್ನು ಬರೆದವರು ಜೆಫರ್ಸನ್. ನೂರಾರು ಗುಲಾಮರ ಒಡೆಯರೂ ಅವರೇ. ಯುದ್ಧಕಾಲದ ಬಾಕಿ ವೇತನವಾಗಿ ಹದಿನೈದು ಸಾವಿರ ಡಾಲರಿಗೂ ಹೆಚ್ಚು ಹಣವೂ, ಒಹಾಯೊ ಪ್ರಾಂತದಲ್ಲಿ 500 ಎಕರೆ ಭೂಮಿಯೂ ಕೊಶ್ಚುಷ್ಕೊ ಅವರಿಗೆ ದೊರೆತವು. ಯುರೋಪಿಗೆ ಹೊರಡುವ ಮುನ್ನ, 1798ರ ಮೇ 5ರಂದು ಅವರು ತಮ್ಮ ಕೈಯಿಂದಲೇ ಒಂದು ಉಯಿಲು ಬರೆದರು.

ಆ ಉಯಿಲಿನ ಸಾರಾಂಶ ಇಷ್ಟು: ಅಮೆರಿಕದಲ್ಲಿರುವ ತಮ್ಮ ಸಂಪತ್ತನ್ನೆಲ್ಲ ಬಳಸಿ ಜೆಫರ್ಸನ್ ಅವರು ಗುಲಾಮರನ್ನು ಕೊಂಡು ಬಿಡುಗಡೆ ಮಾಡಬೇಕು. ಜೆಫರ್ಸನ್ ಅವರ ಸ್ವಂತ ಗುಲಾಮರಿಂದಲೇ ಇದನ್ನು ಆರಂಭಿಸಬಹುದು. ಬಿಡುಗಡೆಯಾದವರಿಗೆ ಕಸುಬು ಕಲಿಸಬೇಕು, ಒಳ್ಳೆಯ ತಂದೆತಾಯಿಗಳಾಗಿ, ಗಂಡಹೆಂಡಿರಾಗಿ, ನೆರೆಯವರಾಗಿ, ನಾಗರಿಕರಾಗಿ ಬಾಳುವಂತೆ ಶಿಕ್ಷಣ ಕೊಡಬೇಕು. ಸೇತುವೆ, ಸ್ತಂಭ, ಪ್ರತಿಮೆ ಯಾವುದನ್ನೂ ಅವರು ಕೇಳಲಿಲ್ಲ. ತನ್ನ ಹೆಸರಿನಲ್ಲಿ ಮನುಷ್ಯರಿಗೆ ಬಿಡುಗಡೆ ದೊರೆಯಲಿ ಎಂದಷ್ಟೇ ಕೇಳಿದರು.

ಮುಂದೆ ಫ್ರಾನ್ಸಿನಲ್ಲಿದ್ದಾಗ ನೆಪೋಲಿಯನ್ನನ ಆಹ್ವಾನವನ್ನು ಅವರು ನಂಬಲಿಲ್ಲ. 1815ರಲ್ಲಿ ರಷ್ಯಾದ ದೊರೆ ರಚಿಸಿದ ಪುಟ್ಟ ಪೋಲಿಷ್ ರಾಜ್ಯವನ್ನೂ ಒಪ್ಪದೆ ಸ್ವಿಟ್ಜರ್ಲೆಂಡಿನ ಸೋಲೋಥುರ್ನ್ ಊರಿನಲ್ಲಿ ನೆಲೆಸಿದರು. ಅಲ್ಲಿ ಅವರ ಕುದುರೆ, ದಾರಿಯಲ್ಲಿ ಭಿಕ್ಷುಕರನ್ನು ಕಂಡರೆ ಯಜಮಾನನ ಅಪ್ಪಣೆಗೆ ಕಾಯದೆ ತಾನಾಗಿಯೇ ನಿಲ್ಲುತ್ತಿತ್ತೆಂಬ ಕಥೆ ಇಂದಿಗೂ ಪ್ರಚಲಿತ. ಕೊನೆಯ ವರ್ಷದಲ್ಲಿ ತಮ್ಮ ಹಳ್ಳಿಯ ಜೀತದ ರೈತರನ್ನು ಬಿಡುಗಡೆ ಮಾಡುವ ಪತ್ರವನ್ನೂ ಬರೆದರು. 1817ರ ಅಕ್ಟೋಬರ್ 15ರಂದು ಅವರು ನಿಧನರಾದರು. ಮೊದಲು ಅಲ್ಲಿನ ಯೇಸುಸಭೆಯವರ ದೇವಾಲಯದಲ್ಲಿ ಇರಿಸಿದ್ದ ಅವರ ಪಾರ್ಥಿವ ಶರೀರವನ್ನು 1818ರಲ್ಲಿ ಕ್ರಾಕೋವ್‌ಗೆ ತಂದು, ವಾವೆಲ್ ಪ್ರಧಾನಾಲಯದ ಸಂತ ಲಿಯೊನಾರ್ಡರ ನೆಲಮಾಳಿಗೆಯಲ್ಲಿ ಅರಸರ ಸಾಲಿನಲ್ಲಿ ಸಮಾಧಿ ಮಾಡಲಾಯಿತು. ನೂರಿಪ್ಪತ್ತೆಂಟು ವರ್ಷಗಳ ಬಳಿಕ, 1946ರ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಹಿಂದಿನ ದಿನವಷ್ಟೇ ಗುರುದೀಕ್ಷೆ ಪಡೆದಿದ್ದ ತರುಣನೊಬ್ಬ ಅದೇ ನೆಲಮಾಳಿಗೆಯಲ್ಲಿ ತನ್ನ ಪ್ರಥಮ ಬಲಿಪೂಜೆಯನ್ನು ಅರ್ಪಿಸಿದನು. ಆ ತರುಣನೇ ಮುಂದೆ ಜಗದ್ಗುರುಗಳಾದ ಸಂತ ಎರಡನೆಯ ಜಾನ್ ಪೌಲ್.

ಇನ್ನು ಉಯಿಲಿನ ಗತಿ. ಕೊಶ್ಚುಷ್ಕೊ ಅವರು ತೀರಿಕೊಂಡಾಗ ಜೆಫರ್ಸನ್ ಅವರಿಗೆ ಎಪ್ಪತ್ತನಾಲ್ಕು ವರ್ಷ. ಯುರೋಪಿನಲ್ಲಿ ಕೊಶ್ಚುಷ್ಕೊ ಅವರು ಬರೆದಿದ್ದ ಬೇರೆ ಉಯಿಲುಗಳು ಹೊರಬಂದವು, ತಕರಾರುಗಳು ಎದ್ದವು. ವಯಸ್ಸಿನ ಕಾರಣವನ್ನು ಮುಂದಿಟ್ಟು 1819ರಲ್ಲಿ ಜೆಫರ್ಸನ್ ಆ ಹೊಣೆಯಿಂದ ಹಿಂದೆ ಸರಿದರು. ಬೇರೆಯವರೂ ಮುಂದೆ ಬರಲಿಲ್ಲ. ವ್ಯಾಜ್ಯ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಏರಿ, 1852ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹಳೆಯ ಉಯಿಲು ಊರ್ಜಿತವಲ್ಲವೆಂದು ತೀರ್ಪಿತ್ತು ಹಣವನ್ನು ಯುರೋಪಿನ ವಾರಸುದಾರರಿಗೆ ಒಪ್ಪಿಸಿತು. ಆ ಹಣದಿಂದ ಒಬ್ಬ ಗುಲಾಮನಿಗೂ ಬಿಡುಗಡೆ ದೊರೆಯಲಿಲ್ಲ. 1826ರಲ್ಲಿ ಜೆಫರ್ಸನ್ ತೀರಿಕೊಂಡರು. ಮರುವರ್ಷದ ಜನವರಿಯಲ್ಲಿ, ಅವರ ಸಾಲ ತೀರಿಸುವುದಕ್ಕಾಗಿ, ಅವರ ಎಸ್ಟೇಟಿನ 130 ಮಂದಿ ಗುಲಾಮರನ್ನು ಹರಾಜಿಗೆ ಇಡಲಾಯಿತು. ಉಯಿಲನ್ನು ಬಿಟ್ಟುಕೊಟ್ಟದ್ದು ಜೆಫರ್ಸನ್ ಅವರ ಅಶಕ್ತಿಯೋ ಮನಸ್ಸಿಲ್ಲದಿರುವಿಕೆಯೋ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಹರಾಜಿನ ಕಟ್ಟೆ ಏರಿದ ತಾಯಂದಿರಿಗೂ ಮಕ್ಕಳಿಗೂ ಆ ವಾದದಿಂದ ಯಾವ ಉಪಯೋಗವೂ ಇರಲಿಲ್ಲ.

ಈಗ ಎರಡನೆಯ ಸೇತುವೆಯ ಮಾತು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಮತ್ತು ಕ್ವೀನ್ಸ್ ಭಾಗಗಳ ನಡುವಿನ ನ್ಯೂಟೌನ್ ಹಿನ್ನೀರಿನ ಮೇಲೆ ಕಟ್ಟಿದ ಸೇತುವೆ 1939ರ ಆಗಸ್ಟ್ 23ರಂದು ಸಂಚಾರಕ್ಕೆ ತೆರೆಯಿತು. ಮೊದಲು ಅದಕ್ಕೆ ಬಳಿಯ ರಸ್ತೆಯ ಹೆಸರೇ ಇತ್ತು. ಅದೇ ದಿನ ದೂರದ ಮಾಸ್ಕೋದಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಒಪ್ಪಂದವೊಂದಕ್ಕೆ ಸಹಿ ಹಾಕಿ, ಪೋಲೆಂಡನ್ನು ಹಂಚಿಕೊಳ್ಳುವ ಗುಪ್ತ ಕರಾರನ್ನೂ ಮಾಡಿಕೊಂಡವು. ಸೆಪ್ಟೆಂಬರ್ 1ರಂದು ಪಶ್ಚಿಮದಿಂದ, 17ರಂದು ಪೂರ್ವದಿಂದ ಸೈನ್ಯಗಳು ನುಗ್ಗಿದವು. ಸೇತುವೆಯ ಬ್ರೂಕ್ಲಿನ್ ಬದಿಯ ಗ್ರೀನ್‌ಪಾಯಿಂಟ್ ಬಡಾವಣೆಯಲ್ಲಿ, ಸಂತ ಸ್ತಾನಿಸ್ಲಾವ್ಸ್ ಕೋಸ್ತ್ಕರ ಧರ್ಮಕೇಂದ್ರದ ಸುತ್ತ, ಸಾವಿರಾರು ಪೋಲಿಷ್ ವಲಸಿಗರು ನೆಲೆಸಿದ್ದರು. ತಾಯ್ನಾಡು ಮತ್ತೊಮ್ಮೆ ಭೂಪಟದಿಂದ ಅಳಿದಿದ್ದಾಗ, 1940ರಲ್ಲಿ ಆ ಸೇತುವೆಗೆ ಕೊಶ್ಚುಷ್ಕೊ ಅವರ ಹೆಸರು ಬಂತು. ಅದರ ಎರಡು ಗೋಪುರಗಳ ಮೇಲೆ ಪೋಲೆಂಡಿನ ಹದ್ದೊಂದು, ಅಮೆರಿಕದ ಹದ್ದೊಂದು ನಿಂತವು. ನಾಡನ್ನು ಕಳೆದುಕೊಂಡವರಿಗೆ ಆ ಹೆಸರು ಕೇವಲ ಅಲಂಕಾರವಾಗಿರಲಿಲ್ಲ. ನಾವಿನ್ನೂ ಇದ್ದೇವೆ ಎಂಬ ಸಾಕ್ಷಿಯಾಗಿತ್ತು. ಆ ಸೇತುವೆ ಹಳತಾಗಿ, 2017 ಮತ್ತು 2019ರಲ್ಲಿ ಪಕ್ಕಪಕ್ಕದಲ್ಲಿ ಎರಡು ಹೊಸ ತೂಗು ರಚನೆಗಳು ತೆರೆದವು, ಹಳೆಯದನ್ನು ಕೆಡವಲಾಯಿತು. ಉಕ್ಕು ಬದಲಾದರೂ ಹೆಸರು ಬದಲಾಗಲಿಲ್ಲ.

ಆದುದರಿಂದ ಸೇತುವೆಗೆ ಹೆಸರಿಡುವುದು ವ್ಯರ್ಥವೆಂದು ನಾನು ಹೇಳಲಾರೆ. ಆದರೆ ತತ್ತ್ವಶಾಸ್ತ್ರದಲ್ಲಿ ಗೌರವಕ್ಕೂ ನ್ಯಾಯಕ್ಕೂ ಒಂದು ಭೇದವನ್ನು ಹೇಳುತ್ತಾರೆ. ಗೌರವವನ್ನು ನಮಗೆ ತೋಚಿದಷ್ಟು, ತೋಚಿದ ರೀತಿಯಲ್ಲಿ ಕೊಡಬಹುದು. ನ್ಯಾಯದ ಅಳತೆ ನಮ್ಮ ಕೈಯಲ್ಲಿಲ್ಲ. ಇನ್ನೊಬ್ಬರಿಗೆ ಸಲ್ಲತಕ್ಕದ್ದು ಎಷ್ಟೋ ಅಷ್ಟನ್ನೇ ಸಲ್ಲಿಸಬೇಕು. ಕೊಶ್ಚುಷ್ಕೊ ಅವರಿಗೆ ಅಮೆರಿಕ ಗೌರವವನ್ನು ಧಾರಾಳವಾಗಿ ಕೊಟ್ಟಿತು. ನ್ಯಾಯವನ್ನು ಕೊಡಲಿಲ್ಲ. ಮೊದಲನೆಯದಕ್ಕೆ ಉಕ್ಕು, ಕಲ್ಲು, ಒಂದು ಸಮಾರಂಭ ಸಾಕಾಗುತ್ತವೆ. ಎರಡನೆಯದಕ್ಕೆ ಯಾರಾದರೂ ಒಬ್ಬರು ತಮ್ಮ ಸ್ವಂತ ನಷ್ಟವನ್ನು ಒಪ್ಪಿಕೊಳ್ಳಬೇಕು. ಗೌರವ ಸುಲಭವಾಗಿ ಸಿಗುವುದೂ ನ್ಯಾಯ ತಡವಾಗುವುದೂ ಇದೇ ಕಾರಣಕ್ಕೆ.

ಈ ಭೇದ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ತಂದೆಯ ಸಮಾಧಿಗೆ ಅಮೃತಶಿಲೆ ಹಾಸುತ್ತೇವೆ, ವರ್ಷಾಬ್ದಿಕದಂದು ಬಲಿಪೂಜೆ ಅರ್ಪಿಸುತ್ತೇವೆ, ಪತ್ರಿಕೆಯಲ್ಲಿ ಭಾವಚಿತ್ರ ಹಾಕಿಸುತ್ತೇವೆ. ಇವೆಲ್ಲ ಒಳ್ಳೆಯವೇ. ಆದರೆ ಮದುವೆಯಾಗದೆ ಉಳಿದ ತಂಗಿಯನ್ನು ನೋಡಿಕೊಳ್ಳಿರೆಂದು ಅದೇ ತಂದೆ ಕೊನೆಗಾಲದಲ್ಲಿ ಹೇಳಿದ್ದರೆ, ಮೂವತ್ತು ವರ್ಷ ಹೊಲದಲ್ಲಿ ದುಡಿದ ಒಕ್ಕಲಿಗೆ ಮನೆಯಡಿ ಜಾಗ ಬಿಟ್ಟುಕೊಡಿರೆಂದು ತಾಯಿ ಕೇಳಿಕೊಂಡಿದ್ದರೆ, ಆ ಮಾತು ಎಲ್ಲಿಗೆ ಬಂತು? ಮೃತರು ನ್ಯಾಯಾಲಯಕ್ಕೆ ಬರುವುದಿಲ್ಲ, ತಕರಾರು ಹೂಡುವುದಿಲ್ಲ. ಅವರ ಪರವಾಗಿ ಉಳಿದಿರುವ ಒಂದೇ ಸಾಕ್ಷಿ ನಮ್ಮ ಅಂತಃಸಾಕ್ಷಿ. ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮುನ್ನ, ಅವರು ಕೇಳಿದ್ದರಲ್ಲಿ ಇನ್ನೂ ಕೊಡದೆ ಉಳಿದದ್ದು ಏನಿದೆಯೆಂದು ಮನೆಮಂದಿಯೆಲ್ಲ ಒಮ್ಮೆ ಕುಳಿತು ನೋಡೋಣ. ಅದನ್ನು ಸಲ್ಲಿಸಿದ ಮೇಲೆ ಕೆತ್ತಿಸಿದ ಹೆಸರು ಹೆಚ್ಚು ಕಾಲ ಬಾಳುತ್ತದೆ.